ಕೂಸಿಗೇನು ತಿಳೀತದೆ ಎನ್ನುವವರಿಗೆ

ಡಿಸೆಂಬರ್ ಬಂತೆಂದರೆ ಕುಮಟಾ, ಹೊನ್ನಾವರ, ಭಟ್ಕಳದ ಕ್ರೈಸ್ತರ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಹೊಸದಾಗಿ ತಾಯಿಯಾದವಳು ‘ಇಷ್ಟು ಜನರ ಕೈಗೆ ಮಗುವನ್ನು ಕೊಡುವುದು ಬೇಡ’ ಎಂದರೆ, ‘ಕೇಕು ಬಾಯಿಗೆ ಹಚ್ಚಬೇಡಿ’ ಎಂದರೆ, ‘ಈ ಸಲ ರಾತ್ರಿ ಪೂಜೆಗೆ ನಾನೂ ಮಗುವೂ ಬರುವುದಿಲ್ಲ’ ಎಂದರೆ, ಎದುರಿನಿಂದ ಬರುವ ಉತ್ತರ ಒಂದೇ: ‘ಕೂಸಿಗೇನು ತಿಳೀತದೆ?’ ಹೇಳುವವರ ದನಿಯಲ್ಲಿ ಕೆಡುಕಿಲ್ಲ, ಅಕ್ಕರೆಯೇ ಇದೆ. ಅಜ್ಜಿ ಹೇಳುತ್ತಾಳೆ, ದೊಡ್ಡಪ್ಪ ಹೇಳುತ್ತಾನೆ, ನೆರೆಮನೆಯ ಬಾಯಮ್ಮ ಹೇಳುತ್ತಾಳೆ. ಆದರೆ ಈ ಮಾತಿನ ಆಸರೆಯಲ್ಲಿ ಮಗುವಿನ ಮೊದಲ ಕ್ರಿಸ್‌ಮಸ್ ಮಗುವಿನದಾಗದೆ, ತಾಯಿಯದೂ ಆಗದೆ, ನೆಂಟರಿಷ್ಟರ ಸಮಾರಂಭವಾಗಿಬಿಟ್ಟಿದೆ.

ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅದರಿಂದ ತೊಂದರೆ ಅನುಭವಿಸುವುದು ಬಾಯಿಬಿಟ್ಟು ಹೇಳಲಾರದ ಒಂದು ಜೀವ, ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳದ ಇನ್ನೊಂದು ಜೀವ.

ಕರಾವಳಿಯ ಈ ಪಟ್ಟಿಯಲ್ಲಿ ಕ್ರಿಸ್‌ಮಸ್ ನಿನ್ನೆ ಮೊನ್ನೆ ಬಂದ ಹಬ್ಬವಲ್ಲ. ಕೆಳದಿಯ ಅರಸರೊಡನೆ 1678ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಪೋರ್ಚುಗೀಸರು ಮಿರ್ಜಾನ್, ಹೊನ್ನಾವರ, ಚಂದಾವರ, ಭಟ್ಕಳಗಳಲ್ಲಿ ಚರ್ಚು ಕಟ್ಟಲು ಅನುಮತಿ ಪಡೆದಿದ್ದರು. ಉತ್ತರ ಕನ್ನಡದಲ್ಲಿ ಕ್ರೈಸ್ತರು 2011ರ ಜನಗಣತಿಯಂತೆ ನೂರಕ್ಕೆ ಮೂರರ ಆಸುಪಾಸು. ಸಂಖ್ಯೆ ಸಣ್ಣದಾದರೂ ಹಬ್ಬ ಸಣ್ಣದಲ್ಲ. ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಚಂದಾವರದ ಚರ್ಚಿಗೆ ಎಲ್ಲ ಮತದವರೂ ಬಂದು ಹೋಗುವ ಹೊತ್ತಿಗೆ ಮನೆಮನೆಯಲ್ಲಿ ನತಾಲಿನ, ಅಂದರೆ ಕ್ರಿಸ್‌ಮಸ್ಸಿನ, ತಯಾರಿ ಶುರುವಾಗಿರುತ್ತದೆ. ಗೋದಲಿಯ ಸುತ್ತ ಹಸಿರು ಬೇಕೆಂದು ತಟ್ಟೆಯಲ್ಲೋ ತೆಂಗಿನ ಚಿಪ್ಪಿನಲ್ಲೋ ಭತ್ತ ಬಿತ್ತುತ್ತಾರೆ. ನೆವ್ರಿ ಎಂಬ ಸಿಹಿ ಕಡುಬಿಗೆ ಎಳ್ಳು ಹುರಿಯುತ್ತಾರೆ, ಬಾಗಿಲ ಮುಂದೆ ನಕ್ಷತ್ರ ಏರುತ್ತದೆ. ಇಂಥ ಮನೆಯಲ್ಲಿ ಆ ವರ್ಷ ಒಂದು ಮಗು ಹುಟ್ಟಿದ್ದರೆ ಸಂಭ್ರಮ ಇಮ್ಮಡಿಯಾಗುವುದು ಸಹಜ. ಈ ಲೇಖನದ ತಕರಾರು ಸಂಭ್ರಮದ ಮೇಲಲ್ಲ. ಆ ಸಂಭ್ರಮದ ಭಾರವನ್ನು ಯಾರ ಮೈಮೇಲೆ ಹೇರಲಾಗುತ್ತಿದೆ ಎಂಬುದರ ಮೇಲೆ.

ಮೊದಲು, ಕೂಸಿಗೆ ಏನು ತಿಳಿಯುತ್ತದೆ ಎಂಬುದನ್ನೇ ನೋಡಬೇಕು.

1980ರಲ್ಲಿ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬ ಅಮೆರಿಕದ ಸಂಶೋಧಕರು ಹುಟ್ಟಿ ಮೂರು ದಿನವೂ ತುಂಬದ ಶಿಶುಗಳ ಬಾಯಿಗೆ ಒಂದು ಚೀಪುಗೊಳವೆ ಕೊಟ್ಟರು. ಚೀಪುವ ಲಯ ಒಂದು ಬಗೆಯದಾದರೆ ತಾಯಿಯ ದನಿ, ಇನ್ನೊಂದು ಬಗೆಯದಾದರೆ ಬೇರೆ ಹೆಂಗಸಿನ ದನಿ ಕೇಳುವಂತೆ ಮಾಡಿದರು. ಶಿಶುಗಳು ತಾಯಿಯ ದನಿ ಬರುವಂತೆ ತಮ್ಮ ಚೀಪುವಿಕೆಯನ್ನೇ ಬದಲಿಸಿಕೊಂಡವು. ಜರ್ಮನಿಯ ಕ್ಯಾಥ್ಲೀನ್ ವೆರ್ಮ್ಕೆ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫ್ರೆಂಚ್ ಮತ್ತು ಜರ್ಮನ್ ಮನೆಗಳ 60 ನವಜಾತ ಶಿಶುಗಳ ಅಳುವನ್ನು ದಾಖಲಿಸಿ ಹೋಲಿಸಿದರು. ಫ್ರೆಂಚ್ ಶಿಶುಗಳ ಅಳು ಏರುತ್ತಾ ಹೋಗುತ್ತಿತ್ತು, ಜರ್ಮನ್ ಶಿಶುಗಳದು ಇಳಿಯುತ್ತಾ ಬರುತ್ತಿತ್ತು. ಆಯಾ ಭಾಷೆಯ ಮಾತಿನ ಏರಿಳಿತವೂ ಹಾಗೆಯೇ. ಹೊಟ್ಟೆಯೊಳಗೆ ಕೇಳಿದ್ದನ್ನು ಮಗು ಹೊರಗೆ ಬಂದ ಮೂರು-ಐದು ದಿನಗಳಲ್ಲೇ ತನ್ನ ಅಳುವಿನಲ್ಲಿ ತೋರಿಸುತ್ತದೆ.

ಇದನ್ನು ಹೊನ್ನಾವರದ ಒಂದು ಮನೆಗೆ ಹೊಂದಿಸಿ ನೋಡಿದರೆ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಗರ್ಭದಲ್ಲಿರುವ ಮಗುವಿಗೆ ಕಿವಿ ಕೇಳತೊಡಗುವುದು ಆರು-ಏಳನೆಯ ತಿಂಗಳ ಹೊತ್ತಿಗೆ. ಡಿಸೆಂಬರ್ ಮೊದಲ ವಾರದಲ್ಲಿ ಹುಟ್ಟಿದ ಮಗು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಆರು ದಾಟಿ ಏಳರಲ್ಲಿತ್ತು. ಹೊಸ ತೆನೆಯ ಹಬ್ಬದ ದಿನ ತಾಯಿ ಚರ್ಚಿನಲ್ಲಿ ನಿಂತು ಹಾಡಿದ ಕೊಂಕಣಿ ಗೀತೆಗಳನ್ನು, ಮನೆಗೆ ಬಂದು ಹೊಸಕ್ಕಿ ಊಟಕ್ಕೆ ಕೂತು ಆಡಿದ ಮಾತುಗಳನ್ನು ಅದು ಒಳಗಿನಿಂದಲೇ ಕೇಳಿರುತ್ತದೆ. ಇಂಥ ಮಗುವಿಗೆ ಏನೂ ತಿಳಿಯದು ಎಂದು ಯಾವ ಬಾಯಿಂದ ಹೇಳುವುದು? ಅದಕ್ಕೆ ಕ್ರಿಸ್‌ಮಸ್ ಎಂದರೇನೆಂದು ತಿಳಿಯದು, ನಿಜ. ಆದರೆ ಅಮ್ಮನ ದನಿ ಯಾವುದು, ಅಮ್ಮನ ವಾಸನೆ ಯಾವುದು, ಎತ್ತಿಕೊಂಡ ಕೈ ಪರಿಚಿತವೋ ಅಪರಿಚಿತವೋ, ಸುತ್ತಲಿನ ಸದ್ದು ತಾಳುವಂಥದೋ ಅಲ್ಲವೋ, ಇದೆಲ್ಲ ಖಂಡಿತ ತಿಳಿಯುತ್ತದೆ. ಕಣ್ಣಿಗೆ ಸ್ವಲ್ಪವಾದರೂ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ, ಅಂದರೆ ಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು ದೂರ. ಬಾಗಿಲಿನ ನಕ್ಷತ್ರ ಅದಕ್ಕೆ ಬರೀ ಮಸುಕು ಬೆಳಕು.

ಈಗ ಡಿಸೆಂಬರ್ 24ರ ಸಂಜೆ ಅದೇ ಮಗುವಿಗೆ ನಾವು ಕೊಡುವುದೇನು? ಪೇಟೆಯಿಂದ ತಂದ, ಅಥವಾ ದುಬೈಯಿಂದ ಬಂದ, ಒಂದು ಕೆಂಪು ಅಂಗಿ. ಮಕಮಲ್ಲಿನಂತೆ ಕಾಣುವ ಪಾಲಿಯೆಸ್ಟರ್. ಕೊರಳಿಗೆ ಬಿಳಿ ತುಪ್ಪಳದ ಪಟ್ಟಿ, ತಲೆಗೆ ಎಲಾಸ್ಟಿಕ್ ಹಾಕಿದ ಟೊಪ್ಪಿ, ಎದೆಯ ಮೇಲೆ ‘ಮೈ ಫಸ್ಟ್ ಕ್ರಿಸ್‌ಮಸ್’ ಎಂಬ ಮಿನುಗು ಅಕ್ಷರ. ಹಿಮ ಬೀಳುವ ದೇಶಗಳಿಗೆಂದು ಹೊಲಿದ ಉಡುಪು ಇದು. ಇಲ್ಲಿ ಡಿಸೆಂಬರಿನಲ್ಲೂ ಮಧ್ಯಾಹ್ನದ ಬಿಸಿಲು 30 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಕಡಲಿನ ತೇವ ಇದ್ದೇ ಇರುತ್ತದೆ. ನವಜಾತ ಶಿಶು ತನ್ನ ಮೈಯ ಕಾವನ್ನು ದೊಡ್ಡವರಂತೆ ಸಂಭಾಳಿಸಿಕೊಳ್ಳಲಾರದು. ಟೊಪ್ಪಿ ತೆಗೆದಾಗ ಹಣೆಯ ಮೇಲೆ ಎಲಾಸ್ಟಿಕ್ಕಿನ ಕೆಂಪು ಗೆರೆ ಮೂಡಿರುತ್ತದೆ. ತುಪ್ಪಳದ ಎಳೆ ತುಟಿಗೆ ಅಂಟಿರುತ್ತದೆ. ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ ಎದ್ದಿರುತ್ತದೆ.

ಆಮೇಲೆ ಕೈಯಿಂದ ಕೈಗೆ. ಅಜ್ಜಿಯಿಂದ ಅತ್ತೆಗೆ, ಅತ್ತೆಯಿಂದ ಪಾದ್ರಿನ್‌ಗೆ (ಜ್ಞಾನಸ್ನಾನದ ತಂದೆಗೆ), ಅವನಿಂದ ಕ್ಯಾರಲ್ ತಂಡದ ಹುಡುಗಿಯರಿಗೆ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೇಜಲ್ಟನ್ 1973ರಲ್ಲಿ ನವಜಾತ ಶಿಶುವಿನ ನಡವಳಿಕೆಯನ್ನು ಅಳೆಯುವ ಮಾಪಕ ರೂಪಿಸಿದ ಮೇಲೆ ವೈದ್ಯರು ಚೆನ್ನಾಗಿ ಅರಿತಿರುವ ಸಂಗತಿ ಒಂದಿದೆ: ಸಾಕಾದ ಶಿಶು ಅದನ್ನು ಮೈಯಿಂದ ಹೇಳುತ್ತದೆ. ಮುಖ ಆಚೆ ತಿರುಗಿಸುತ್ತದೆ, ಆಕಳಿಸುತ್ತದೆ, ಬಿಕ್ಕಳಿಸುತ್ತದೆ, ಬೆರಳುಗಳನ್ನು ಅಗಲಿಸಿ ಕೈ ಮುಂದಕ್ಕೆ ಚಾಚುತ್ತದೆ. ಹಬ್ಬದ ಮನೆಯಲ್ಲಿ ಈ ಒಂದೊಂದು ಗುರುತಿಗೂ ಬೇರೆಯೇ ಅರ್ಥ ಸಿಗುತ್ತದೆ. ಕೈ ಚಾಚಿದರೆ ‘ನನ್ನ ಹತ್ರ ಬರ್ತದಂತೆ ನೋಡಿ’, ಆಕಳಿಸಿದರೆ ‘ಫೋಟೊ ತೆಗಿ, ಫೋಟೊ ತೆಗಿ’. ಕಡೆಗೆ ಅದು ಕಿರುಚಿ ಅಳುತ್ತದೆ. ಆಗ ತಾಯಿಗೆ ಬುಲಾವು ಬರುತ್ತದೆ: ‘ಹಾಲು ಸಾಲ್ತಿಲ್ವೇನೋ.’

ಈ ಕೊನೆಯ ಮಾತು ಎಷ್ಟು ನೋಯಿಸುತ್ತದೆಂಬುದು ಕೇಳಿಸಿಕೊಂಡವಳಿಗೇ ಗೊತ್ತು. ಅದರ ಬೆನ್ನಿಗೇ ಡಬ್ಬಿ ಹಾಲಿನ ಸಲಹೆ, ಇಲ್ಲವೇ ಬೆರಳಿಗೆ ಅಂಟಿದ ಕೇಕಿನ ಸಿಹಿ.

ಕೇಕಿನ ವಿಷಯಕ್ಕೆ ಸ್ವಲ್ಪ ನಿಲ್ಲಲೇಬೇಕು. ‘ಮೊದಲ ಕ್ರಿಸ್‌ಮಸ್, ಒಂಚೂರು ಬಾಯಿ ಸಿಹಿ ಮಾಡದಿದ್ದರೆ ಹೇಗೆ?’ ಎಂಬ ಒತ್ತಾಯ ಬಹಳ ಮನೆಗಳಲ್ಲಿದೆ. ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿಯ ಕೇಕು, ನೆವ್ರಿಯ ಒಳಗಿನ ಎಳ್ಳು-ಸಕ್ಕರೆಯ ಹೂರಣ, ಇದ್ಯಾವುದೂ ಇಲ್ಲದಿದ್ದರೆ ಜೇನು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ ಎಂದು. ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರ ಕರುಳು ಅದನ್ನು ಬೆಳೆಯಗೊಡದು, ವರ್ಷ ತುಂಬದ ಮಗುವಿನ ಕರುಳಿಗೆ ಆ ಶಕ್ತಿ ಇಲ್ಲ. ಅಲ್ಲಿ ಅದು ಮೊಳೆತು ವಿಷ ಉಂಟುಮಾಡಿದರೆ ಮಗುವಿನ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ, ಉಸಿರಾಟಕ್ಕೇ ಕುತ್ತು ಬರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳೊಳಗಿನ ಶಿಶುಗಳಲ್ಲಿ ತಾಯಿ ಹಾಲನ್ನಷ್ಟೇ ಕುಡಿಯುತ್ತಿದ್ದವು ಶೇ. 63.7. ಉಳಿದ ಮೂರನೇ ಒಂದು ಪಾಲಿಗೂ ಹೆಚ್ಚಿನ ಮಕ್ಕಳ ಹೊಟ್ಟೆಗೆ ಬೇರೆ ಏನೋ ಹೋಗುತ್ತಿದೆ. ನೀರು, ಬೇರೆ ಹಾಲು, ಜೇನು, ಸಕ್ಕರೆ ನೀರು ಹೀಗೆ ಹಲವು ದಾರಿಗಳಿಂದ ಹೋಗುತ್ತದೆ. ಹಬ್ಬದ ದಿನದ ಬೆರಳೂ ಅಂಥದೊಂದು ದಾರಿ.

ಮಗುವಿಗೆ ಕೊಡುವ ಮುತ್ತಿನದೂ ಇದೇ ಕಥೆ. ಸರ್ಕಾರಿ ಲಸಿಕೆ ಪಟ್ಟಿಯಂತೆ ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಸಿಗುತ್ತವೆ. ನಾಯಿಕೆಮ್ಮು, ಗಂಟಲಮಾರಿಗಳಿಂದ ಕಾಯುವ ಪೆಂಟಾವೇಲೆಂಟ್ ಲಸಿಕೆಯ ಮೊದಲ ಚುಚ್ಚುಮದ್ದು ಸಿಗುವುದು ಆರು ವಾರ ತುಂಬಿದ ಮೇಲೆ. ಅಂದರೆ ನವೆಂಬರ್ ಮಧ್ಯದ ನಂತರ ಹುಟ್ಟಿದ ಯಾವ ಮಗುವಿಗೂ ಕ್ರಿಸ್‌ಮಸ್ ದಿನ ನಾಯಿಕೆಮ್ಮಿನ ಲಸಿಕೆ ಆಗಿರುವುದಿಲ್ಲ. ದೊಡ್ಡವರ ಸಾಧಾರಣ ಕೆಮ್ಮು-ನೆಗಡಿ ಶಿಶುವಿನ ಎದೆಗೆ ಇಳಿದರೆ ಸಾಧಾರಣವಾಗಿ ಉಳಿಯುವುದಿಲ್ಲ. ತುಟಿಯ ಮೇಲೆ ಹರ್ಪಿಸ್‌ನ ಸಣ್ಣ ಗುಳ್ಳೆ ಇದ್ದವರ ಒಂದು ಮುತ್ತು ನವಜಾತ ಶಿಶುವಿಗೆ ಪ್ರಾಣಾಂತಿಕವಾಗಬಲ್ಲದು. ‘ಹತ್ತು ಜನ ಎತ್ತಿದರೆ ಮೈ ಗಟ್ಟಿಯಾಗ್ತದೆ’ ಎಂಬ ಮಾತು ಓಡಾಡುವ ಮಕ್ಕಳಿಗೆ ಸ್ವಲ್ಪ ಹೊಂದೀತು. ಮೂರು ವಾರದ ಕೂಸಿಗೆ ಹೊಂದದು.

ಇಲ್ಲಿ ಊರಿನ ಮಾತೂ ಬರುತ್ತದೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬೆಳಗಾಗಲೆಂದು ಕಾಯುವಂತಿಲ್ಲ, ತಕ್ಷಣ ವೈದ್ಯರ ಬಳಿ ಹೋಗಬೇಕು. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೂ ಶಿಶುವಿನ ಸ್ಥಿತಿ ಬಿಗಡಾಯಿಸಿದರೆ ಇಲ್ಲಿನವರು ಇವತ್ತಿಗೂ ಮುಖ ಮಾಡುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ಕಡೆಗೆ. ಭಟ್ಕಳದಿಂದ ಮಣಿಪಾಲಕ್ಕೆ ತೊಂಬತ್ತು ಕಿಲೋಮೀಟರಿನಷ್ಟು, ಹೊನ್ನಾವರ-ಕುಮಟಾದಿಂದ ನೂರು ದಾಟಿಯೇ ದಾಟುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ಆ ದಿನಗಳಲ್ಲಿ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಬೀದಿಗಿಳಿದ ಜನ ಇವರೇ. ಆ ಹೋರಾಟ ನ್ಯಾಯವಾದದ್ದು. ಆಸ್ಪತ್ರೆ ದೂರವಿದೆ ಎಂದು ಅಷ್ಟು ಚೆನ್ನಾಗಿ ಅರಿತವರು ತಮ್ಮ ಮನೆಯ ಹಸುಗೂಸಿಗೆ ಸೋಂಕು ತಗಲದಂತೆ ಒಂದು ಸಂಜೆಯ ಮಟ್ಟಿಗೆ ಕೈ ಹಿಂದಿಟ್ಟುಕೊಳ್ಳಲಾರರೇ?

ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದರಿಂದ ಇನ್ನೊಂದು ಎಳೆದಾಟವೂ ಇದೆ. ‘ಮೊದಲ ನತಾಲ್ ನಮ್ಮ ಮನೆಯಲ್ಲೇ ಆಗಬೇಕು’ ಎಂದು ಗಂಡನ ಮನೆಯವರ ಹಟ. ತವರು ಕುಮಟಾ, ಗಂಡನ ಮನೆ ಭಟ್ಕಳ ಎಂದಿಟ್ಟುಕೊಂಡರೆ ಅರವತ್ತು ಕಿಲೋಮೀಟರಿನ ಆಸುಪಾಸು. ಹೆತ್ತು ತಿಂಗಳಾಗದವಳು ಹೊಲಿಗೆ ಆರದ ಹೊಟ್ಟೆ ಹಿಡಿದುಕೊಂಡು ಮಗುವನ್ನು ಮಡಿಲಲ್ಲಿಟ್ಟು ಹೆದ್ದಾರಿಯಲ್ಲಿ ಹೋಗಬೇಕು. ಕರ್ನಾಟಕದಲ್ಲಿ ಈಗ ಹೆಚ್ಚುಕಡಿಮೆ ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್. ಅದು ದೊಡ್ಡ ಶಸ್ತ್ರಚಿಕಿತ್ಸೆ. ಬೇರೆ ಯಾವುದೇ ಆಪರೇಷನ್ ಆದವರನ್ನು ಮೂರನೇ ವಾರದಲ್ಲಿ ಹಬ್ಬದ ಮನೆಯ ಮೆಟ್ಟಿಲಲ್ಲಿ ನಿಲ್ಲಿಸಿ ಬಂದವರನ್ನು ಸ್ವಾಗತಿಸಲು ಯಾರೂ ಹೇಳುವುದಿಲ್ಲ. ಬಾಳಂತಿಗೆ ಮಾತ್ರ ಹೇಳುತ್ತಾರೆ.

ಹೇಳುವಾಗ ಧರ್ಮವನ್ನೂ ತರುತ್ತಾರೆ. ‘ದೇವರ ಹುಟ್ಟುಹಬ್ಬಕ್ಕೇ ಪೂಜೆಗೆ ಬರದಿದ್ದರೆ?’ ಈ ಮಾತಿಗೆ ಉತ್ತರ ಧರ್ಮದ ಒಳಗೇ ಇದೆ. 1992ರಲ್ಲಿ ಎರಡನೆಯ ಜಾನ್ ಪಾಲ್ ಹೊರತಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2181ನೆಯ ಕಂಡಿಕೆ ಕಡ್ಡಾಯದ ಪೂಜೆಗಳಿಂದ ಯಾರಿಗೆ ವಿನಾಯಿತಿ ಎಂದು ಹೇಳುವಾಗ ಎರಡು ಉದಾಹರಣೆ ಕೊಡುತ್ತದೆ. ಒಂದು ಕಾಯಿಲೆ, ಇನ್ನೊಂದು ಹಸುಗೂಸಿನ ಆರೈಕೆ. ರೋಮಿನವರೆಗೆ ಹೋಗಿ ಯಾರೂ ಅನುಮತಿ ತರಬೇಕಿಲ್ಲ, ಅದು ಆಗಲೇ ಬರೆದಿಟ್ಟದ್ದು. ವೇದಿಕೆಯ ಮೇಲಿಂದ ಇದನ್ನು ಗಟ್ಟಿಯಾಗಿ ಓದಿ ಹೇಳಿದರೆ ಎಷ್ಟೋ ಬಾಳಂತಿಯರ ಎದೆಯ ಮೇಲಿನ ಕಲ್ಲು ಇಳಿಯುತ್ತದೆ.

ಪಂಚಾಂಗವೂ ಅವಳ ಕಡೆಗೇ ಇದೆ. ಮೋಶೆಯ ನಿಯಮದಂತೆ ಗಂಡುಮಗು ಹೆತ್ತ ತಾಯಿ ನಲವತ್ತು ದಿನ ಕಳೆದ ಮೇಲೆ ದೇವಾಲಯಕ್ಕೆ ಬರುತ್ತಾಳೆ. ಮರಿಯಳೂ ಹಾಗೆಯೇ ಬಂದಳೆಂದು ಲೂಕನು ಬರೆದ ಶುಭಸಂದೇಶ ಹೇಳುತ್ತದೆ. ಅದಕ್ಕೇ ಧರ್ಮಸಭೆ ಡಿಸೆಂಬರ್ 25ರಿಂದ ನಲವತ್ತನೆಯ ದಿನ, ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬವನ್ನು ಮೇಣದ ಬತ್ತಿ ಹಿಡಿದು ಆಚರಿಸುತ್ತದೆ. ಮೈಲಿಗೆಯ ಲೆಕ್ಕವನ್ನು ಪಕ್ಕಕ್ಕಿಟ್ಟರೂ ಉಳಿಯುವ ಸಂಗತಿ ಇಷ್ಟು: ಯಾವ ತಾಯಿಯ ಮಗನ ಹೆಸರಿನಲ್ಲಿ ಕ್ರಿಸ್‌ಮಸ್ ನಡೆಯುತ್ತಿದೆಯೋ ಆ ತಾಯಿಗೇ ನಲವತ್ತು ದಿನದ ಬಿಡುವು ಇತ್ತು. ನೋಡಲು ಬಂದ ಕುರುಬರು ನೋಡಿ ಹಿಂದಿರುಗಿದರು, ಊಟಕ್ಕೆ ಕೂರಲಿಲ್ಲ. ಜ್ಞಾನಿಗಳ ಹಬ್ಬ, ಇಲ್ಲಿನವರ ಮೂರು ರಾಯರ ಹಬ್ಬ, ಜನವರಿ 6ಕ್ಕೆ. ಅವರು ಮಗುವನ್ನು ಕಂಡದ್ದು ಮನೆಯೊಳಗೆ ಎಂದು ಮತ್ತಾಯನು ಬರೆದಿದ್ದಾನೆ. ತಡವಾಗಿ ಬಂದರೆಂದು ಅವರ ಕಾಣಿಕೆಯನ್ನು ಯಾರೂ ಕಡಿಮೆಯೆಂದು ತಿಳಿದಿಲ್ಲ. ಹೀಗಿರುವಾಗ ಡಿಸೆಂಬರ್ 25ರ ಒಂದೇ ದಿನದೊಳಗೆ ಎಲ್ಲರೂ ಮಗುವನ್ನು ನೋಡಿ ಮುಗಿಸಲೇಬೇಕೆಂಬ ಅವಸರ ಎಲ್ಲಿಂದ ಬಂತು?

ಈ ಕರಾವಳಿಯಲ್ಲಿ ನಲವತ್ತು ದಿನದ ಲೆಕ್ಕ ಕ್ರೈಸ್ತರಿಗೆ ಮಾತ್ರ ಗೊತ್ತಿರುವುದೂ ಅಲ್ಲ. ಭಟ್ಕಳದ ಮುಸ್ಲಿಂ ಮನೆಗಳಲ್ಲೂ ಬಾಳಂತಿಗೆ ನಲವತ್ತು ದಿನದ ವಿಶ್ರಾಂತಿ ಉಂಟು, ಹಿಂದೂ ಮನೆಗಳ ಬಾಳಂತನದ ಎಣ್ಣೆ-ನೀರು, ಕಷಾಯದ ಉಪಚಾರ ಹೆಚ್ಚುಕಡಿಮೆ ಅಷ್ಟೇ ದಿನ ನಡೆಯುತ್ತದೆ. ಬಾಳಂತನದ ಎಲ್ಲ ಕಟ್ಟಳೆಗಳನ್ನೂ ಇಲ್ಲಿ ಹೊಗಳುತ್ತಿಲ್ಲ. ನೀರು ಕಡಿಮೆ ಕೊಡುವುದು, ಹೊಗೆ ತುಂಬಿದ ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದು, ತರಕಾರಿ ತಿನ್ನಗೊಡದಿರುವುದು, ಇವು ಹೋಗಲೇಬೇಕಾದವು. ಆದರೆ ಹೆತ್ತವಳು ಯಾರಿಗೂ ಉಪಚಾರ ಮಾಡಬೇಕಿಲ್ಲ, ಅವಳಿಗೇ ಎಲ್ಲರೂ ಉಪಚಾರ ಮಾಡಬೇಕು ಎಂಬ ಮೂಲ ವಿಚಾರ ಬಂಗಾರದಂಥದು. ಹಬ್ಬದ ಗಡಿಬಿಡಿಯಲ್ಲಿ ಮೊದಲು ಕೈಬಿಡುವುದು ಅದನ್ನೇ. ಬಾಳಂತಿ ಎದ್ದು ಸೀರೆ ಉಟ್ಟು, ತಲೆ ಬಾಚಿ, ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆ ಹಿಡಿದು ಬಂದವರ ಮುಂದೆ ನಗಬೇಕು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹೆರಿಗೆಯ ನಂತರ ಖಿನ್ನತೆಗೆ ಒಳಗಾಗುವ ತಾಯಂದಿರು ಶೇ. 22. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ಆ ನಗುವಿನ ಹಿಂದೆ ಏನಿದೆಯೆಂದು ಹಬ್ಬದ ಮನೆಯಲ್ಲಿ ಯಾರು ಕೇಳುತ್ತಾರೆ?

ಇಷ್ಟು ಹೇಳಿದಾಗ ಎದುರು ಪಕ್ಷದ ಗಟ್ಟಿಯಾದ ವಾದ ಮುಂದೆ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಾಗಿಲು ಮುಚ್ಚಿಕೊಂಡು ಹಬ್ಬ ಮಾಡುವುದು ಪಟ್ಟಣದ ಫ್ಲ್ಯಾಟಿನವರ ರೋಗ, ನಮ್ಮೂರಿನಲ್ಲಿ ಮಗು ಎಂದರೆ ಇಡೀ ವಾಡೆಯ, ಅಂದರೆ ಕೇರಿಯ, ಸ್ವತ್ತು, ಎಂಬತ್ತರ ಅಜ್ಜನಿಗೆ ಮುಂದಿನ ಕ್ರಿಸ್‌ಮಸ್ ಸಿಗುತ್ತದೋ ಇಲ್ಲವೋ, ಅವನ ತೊಡೆಯ ಮೇಲೆ ಮಗುವನ್ನು ಮಲಗಿಸದೆ ಇರುವುದು ಯಾವ ನ್ಯಾಯ? ಕೇಳಬೇಕಾದ ಪ್ರಶ್ನೆಯೇ. ಹೊನ್ನಾವರದಂಥ ಊರಿನಲ್ಲಿ ಕ್ರಿಸ್‌ಮಸ್ ಅಂದರೆ ಹಿಂದೂ, ಮುಸ್ಲಿಂ ನೆರೆಯವರ ಮನೆಗೆ ಕುಸ್ವಾರಿನ ತಟ್ಟೆ ಹೋಗುವುದು, ದೀಪಾವಳಿಗೂ ಈದಿಗೂ ಆ ಕಡೆಯಿಂದ ತಟ್ಟೆ ಬರುವುದು. ಆ ಕೊಡುಕೊಳ್ಳುವಿಕೆ ನಿಂತರೆ ಊರಿಗೇ ನಷ್ಟ.

ಆದರೆ ತಟ್ಟೆ ಹೋಗಲಿ, ಬಾಳಂತಿ ಹೊತ್ತುಕೊಂಡು ಹೋಗಬೇಕಿಲ್ಲ. ಅಜ್ಜ ಕೈ ತೊಳೆದು, ಕೆಮ್ಮು-ನೆಗಡಿ ಇಲ್ಲದಿದ್ದರೆ, ಮಗು ಹಾಲು ಕುಡಿದು ಸಮಾಧಾನದಲ್ಲಿರುವಾಗ ಗಂಟೆಗಟ್ಟಲೆ ಎತ್ತಿಕೊಂಡು ಕೂರಲಿ. ಅವನು ಆ ಮನೆಯವನು. ಇಲ್ಲಿ ಬೇಡವೆನ್ನುತ್ತಿರುವುದು ಸಾಲಾಗಿ ಬರುವ ನಲವತ್ತು ಜನರ ಕೈಗಳನ್ನು. ಮಗು ವಾಡೆಯ ಸ್ವತ್ತು ಎನ್ನುವವರು ಆ ಸ್ವತ್ತಿನ ಜವಾಬ್ದಾರಿಯನ್ನೂ ಹೊರಬೇಕು. ಬರುವವರು ಬಿಸಿ ಗಂಜಿಯೋ ಸಾರೋ ತರಲಿ, ಮಗುವಿನ ಬಟ್ಟೆ ಒಗೆದು ಹರವಲಿ, ಮೂರು ವರ್ಷದ ಅಕ್ಕನಿದ್ದರೆ ಅವಳನ್ನು ಕರೆದೊಯ್ದು ಗೋದಲಿ ತೋರಿಸಿಕೊಂಡು ಬರಲಿ. ಕೈಬೀಸಿಕೊಂಡು ಬಂದು, ಚಹಾ ಕುಡಿದು, ಮಗುವನ್ನು ಅಳಿಸಿ ಹೋಗುವುದಕ್ಕೆ ‘ನಮ್ಮೂರ ಸಂಸ್ಕೃತಿ’ ಎಂದು ಹೆಸರಿಡಬಾರದು. ಕ್ಯಾರಲ್ ತಂಡ ಅಂಗಳದಲ್ಲಿ ನಿಂತು ಎರಡು ಹಾಡು ಹಾಡಿ ಹೋದರೆ ಸಾಕು, ಡೋಲು ಒಳಗೆ ಬರುವುದು ಬೇಡ.

ಫೋಟೊದ ವಿಷಯವನ್ನು ಬೇಗ ಮುಗಿಸಬಹುದು. ‘ಕೂಸಿಗೇನು ತಿಳೀತದೆ’ ಎಂಬ ಮಾತು ತೀರ ನಿಲ್ಲದಿರುವುದು ಇಲ್ಲೇ. ಇವತ್ತು ತಿಳಿಯದ ಮಗುವಿಗೆ ಹದಿನೈದು ವರ್ಷದ ಮೇಲೆ ತಿಳಿಯುತ್ತದೆ, ಅಂತರ್ಜಾಲಕ್ಕೆ ಹಾಕಿದ ಚಿತ್ರ ಅಲ್ಲಿಯವರೆಗೂ ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಮಕ್ಕಳ ಚಿತ್ರದ ಹಕ್ಕನ್ನು ಕಾಯುವುದು ತಂದೆತಾಯಿಗಳ ಕರ್ತವ್ಯವೆಂದು ಫ್ರಾನ್ಸ್ 2024ರ ಫೆಬ್ರವರಿಯಲ್ಲಿ ಕಾನೂನನ್ನೇ ಮಾಡಿತು. ಇಲ್ಲಿ ಕಾನೂನು ಬರುವ ತನಕ ಕಾಯಬೇಕಿಲ್ಲ. ಮನೆಯವರ ಗುಂಪಿಗೆ ನಾಲ್ಕು ಚಿತ್ರ ಕಳಿಸುವುದು ಬೇರೆ, ಸ್ನಾನದ ಮಗುವನ್ನು ಸ್ಟೇಟಸ್ಸಿಗೆ ಹಾಕಿ ಗುರುತಿಲ್ಲದವರಿಗೆಲ್ಲ ತೋರಿಸುವುದು ಬೇರೆ.

ಇನ್ನು ಉಳಿದದ್ದು ಅಪ್ಪ. ಈ ಚರ್ಚೆಯಲ್ಲಿ ಅವನ ಹೆಸರು ಬರುವುದೇ ಅಪರೂಪ, ಏಕೆಂದರೆ ಮೊದಲ ಕ್ರಿಸ್‌ಮಸ್ಸಿನಲ್ಲಿ ಅವನ ಪಾತ್ರ ಖರ್ಚು ನೋಡಿಕೊಳ್ಳುವುದು ಎಂದೇ ಎಲ್ಲರೂ ನಂಬಿದ್ದಾರೆ. ಡಿಕ್ಯಾಸ್ಪರ್ 1984ರಲ್ಲಿ ಇನ್ನೊಂದು ಪ್ರಯೋಗದಲ್ಲಿ ಭಾಗಿಯಾದರು. ಈ ಸಲ ಅಪ್ಪಂದಿರ ದನಿ. ಶಿಶುಗಳು ಅಪ್ಪನ ದನಿಗೂ ಬೇರೆ ಗಂಡಸಿನ ದನಿಗೂ ಇರುವ ವ್ಯತ್ಯಾಸ ಗುರುತಿಸಿದವು, ಆದರೆ ಅಪ್ಪನದೇ ಬೇಕೆಂದು ಆರಿಸಿಕೊಳ್ಳಲಿಲ್ಲ. ಅಮ್ಮನ ದನಿಯನ್ನು ಮಗು ಒಳಗಿದ್ದೇ ಕಲಿತು ಬಂದಿದೆ. ಅಪ್ಪನದನ್ನು ಹೊರಗೆ ಬಂದ ಮೇಲೆ ಕಲಿಯಬೇಕು. ಹತ್ತಿರ ಕೂತು ಮಾತಾಡುವ, ಹಾಡುವ ಅಪ್ಪನಿಂದ ಮಾತ್ರ ಅದು ಸಾಧ್ಯ.

ಹತ್ತಿರ ಕೂರುವುದು ಎಲ್ಲರ ಪಾಲಿಗಿಲ್ಲ. 2017ರ ತಿದ್ದುಪಡಿಯ ನಂತರ ಕಾನೂನು ನೌಕರಿಯಲ್ಲಿರುವ ತಾಯಿಗೆ 26 ವಾರದ ಹೆರಿಗೆ ರಜೆ ಕೊಡುತ್ತದೆ. ಅದೂ ಅಂಗಡಿ, ಕಚೇರಿಗಳಲ್ಲಾದರೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಾತ್ರ. ಮೀನು ಮಾರುವವಳಿಗೂ ಮನೆಗೆಲಸದವಳಿಗೂ ಅದು ದಕ್ಕದು. ಅಪ್ಪನಿಗೆ ಕೇಂದ್ರ ಸರ್ಕಾರದ ನೌಕರಿ ಇದ್ದರೆ 15 ದಿನ. ಖಾಸಗಿಯವರಿಗೆ ರಜೆ ಕೊಡಿಸುವ ಕಾನೂನು ಇಲ್ಲ. ಹೊನ್ನಾವರದ ಕಾಸರಕೋಡಿನಿಂದ ಆಳಸಮುದ್ರಕ್ಕೆ ಬೋಟಿನಲ್ಲಿ ಹೋದವನಿಗೆ ಡಿಸೆಂಬರ್ ಅಂದರೆ ದುಡಿಮೆಯ ತಿಂಗಳು. ಕೊಲ್ಲಿ ದೇಶದಲ್ಲಿರುವವನ ಸ್ಥಿತಿ ಇನ್ನೂ ಬಿಗಿ: ಯುಎಇ 2020ರಲ್ಲಿ ಖಾಸಗಿ ನೌಕರರಾದ ತಂದೆತಾಯಿಗೆ ಕೊಟ್ಟ ಪೋಷಕ ರಜೆ ಐದು ಕೆಲಸದ ದಿನ. ದುಬೈಯಿಂದ ವಿಮಾನ, ಗೋವಾದಿಂದಲೋ ಮಂಗಳೂರಿನಿಂದಲೋ ರೈಲು, ಮತ್ತೆ ವಾಪಸು ಎಂದರೆ ಕೈಯಲ್ಲಿ ಉಳಿಯುವುದೇನು? ಅಂಥವನಿಗೆ ವಿಡಿಯೊ ಕರೆಯೇ ಗತಿ. ಮಾಡಲಿ. ಆದರೆ ಆ ಕರೆಯೂ ಅವನಿಗೆ ಸಿಗದಂತೆ ಫೋನು ಕೈಯಿಂದ ಕೈಗೆ ಹೋಗಿ, ಹತ್ತು ಜನ ‘ಹ್ಯಾಪಿ ಕ್ರಿಸ್‌ಮಸ್’ ಕೂಗಿ, ಮಗುವಿನ ಮುಖದ ಮುಂದೆ ಬೆಳಕು ಹಿಡಿದು ಮುಗಿಸುತ್ತಾರೆ. ಅದರ ಬದಲು ಮಗು ಎಚ್ಚರವಾಗಿರುವ ಹೊತ್ತಿನಲ್ಲಿ, ಬಾಳಂತಿ ಕೋಣೆಯಲ್ಲಿ, ಗದ್ದಲವಿಲ್ಲದೆ ಹತ್ತು ನಿಮಿಷ ಅವನ ದನಿ ಅದರ ಕಿವಿಗೆ ಬೀಳುವಂತೆ ಮಾಡಿದರೆ ಅವನಿಗೂ ಮಗುವಿಗೂ ಅದೇ ಹಬ್ಬ.

ಊರಿನಲ್ಲೇ ಇರುವ ಅಪ್ಪಂದಿರಿಗೆ ಈ ನೆಪವೂ ಇಲ್ಲ. ಡಿಸೆಂಬರ್ 24ರ ಸಂಜೆ ಗೆಳೆಯರೊಡನೆ ನಕ್ಷತ್ರದ ದೀಪ ಸರಿಮಾಡುತ್ತಲೋ ಗ್ಲಾಸು ಹಿಡಿದೋ ಅಂಗಳದಲ್ಲಿ ಹೊತ್ತು ಕಳೆಯುವವರು ಬಾಗಿಲಲ್ಲಿ ನಿಲ್ಲಬೇಕು. ಬಂದವರಿಗೆ ‘ಮಗು ಮಲಗಿದೆ, ಮೂರು ರಾಯರ ಹಬ್ಬದ ಹೊತ್ತಿಗೆ ಬನ್ನಿ’ ಎಂದು ನಗುತ್ತಲೇ ಹೇಳುವ ಕೆಲಸ ಅವರದು. ಸೊಸೆ ಹೇಳಿದರೆ ಸೊಕ್ಕು ಎನ್ನುತ್ತಾರೆ, ಮಗ ಹೇಳಿದರೆ ಕೇಳುತ್ತಾರೆ. ಇದು ಅನ್ಯಾಯವೇ. ಆ ಅನ್ಯಾಯ ಅಳಿಯುವ ತನಕ ಗಂಡು ದನಿಗಿರುವ ತೂಕವನ್ನು ಅವನು ಹೆಂಡತಿಯ ಪರವಾಗಿ ಬಳಸಲಿ.

ಮೂರೂ ತಾಲ್ಲೂಕಿನ ಚರ್ಚುಗಳ ಗುರುಗಳಿಗೂ ಒಂದು ಬೇಡಿಕೆ ಇದೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಒಂದು ದಿನ 2181ನೆಯ ಕಂಡಿಕೆಯನ್ನು ಕೊಂಕಣಿಯಲ್ಲೂ ಕನ್ನಡದಲ್ಲೂ ಓದಿ ಹೇಳಲಿ. ಹಸುಗೂಸಿರುವ ಮನೆಗಳಿಗೆ ಹಬ್ಬದ ವಾರ ಭೇಟಿ ಬೇಡ, ಅಡುಗೆ ಕಳಿಸಿ ಎಂದು ವಾಡೆಯ ಮುಖಂಡರಿಗೆ ತಿಳಿಸಲಿ. ಫೆಬ್ರವರಿ 2ರ ಪೂಜೆಗೆ ಹಿಂದಿನ ವರ್ಷ ಹುಟ್ಟಿದ ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆಯಲಿ. ಅಷ್ಟರಲ್ಲಿ ಡಿಸೆಂಬರಿನ ಆರಂಭದಲ್ಲಿ ಹುಟ್ಟಿದ ಮಗುವಿಗೂ ಲಸಿಕೆಯ ಮೊದಲ ಸುತ್ತು ಆಗಿರುತ್ತದೆ, ತಾಯಿಯ ಮೈಯೂ ಸುಧಾರಿಸಿರುತ್ತದೆ, ಮಗು ಮುಖ ನೋಡಿ ನಗಲು ಕಲಿತಿರುತ್ತದೆ. ನೋಡಬೇಕೆಂದವರೆಲ್ಲ ಆ ದಿನ ಚರ್ಚಿನ ಅಂಗಳದಲ್ಲಿ ನೋಡಲಿ.